ಎಸ್ತೇರು ಐಪಿ ಹಾಕಿದ್ದು

೨೦೧೯ನೇ ಇಸವಿ, ಮಾರ್ಚ್ ೭, ಗುರುವಾರ. ಆ ದಿನ ನಮ್ಮ ಓಣಿಗೆ ಹತ್ತೊಂಬತ್ತು ರಿಜಿಸ್ಟರ್ ಲಕೋಟೆಗಳು ಬಂದವು. ನಾನು ಈ ಓಣಿಯಲ್ಲಿ ಹುಟ್ಟಿ ಎಪ್ಪತ್ತೊಂದು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಇಲ್ಲಿಗೆ ಬಂದಿದ್ದ ರಿಜಿಸ್ಟರ್ ಲಕೋಟೆಗಳು ಒಟ್ಟು ಆರು. ಅವುಗಳಲ್ಲಿ ಮೂರು ನನ್ನ ಪಿಂಚಣಿಗೆ ಸಂಬಂಧಿಸಿದವು.

ಹೆಂಗಸರು ಸಂಜೆ ಆರಕ್ಕೆ ಮೆಣಸಿನಕಾಯಿ ಗೋದಾಮಿನಿಂದ ಮರಳಿದರು. ಆರೂ ಹತ್ತಕ್ಕೆ ಹದಿನೆಂಟು ಜನ ಹೆಂಗಸರು ನನ್ನ ಜಗಲಿಯ ಮುಂದೆ ನಿಂತಿದ್ದರು. ಹತ್ತೊಂಬತ್ತನೆಯವನು ಚಹಾದಂಗಡಿಯ ಮಸ್ತಾನ್. ಎಲ್ಲರ ಕೈಯಲ್ಲೂ ಒಂದೊಂದು ಲಕೋಟೆ.

ಶೇಷಮ್ಮ ಮುಂದೆ ಬಂದಳು. ನನ್ನ ಪಕ್ಕದ ಮನೆಯವಳು. ಗಂಟಲು ದೊಡ್ಡದು.

"ಮೇಷ್ಟ್ರೇ, ಇದೇನು ಓದಿ ಹೇಳಿ. ನನ್ನ ಮಗ ಏನಾದ್ರೂ ಕಳ್ತನ ಮಾಡಿದ್ನಾ?"

ಓದಿದೆ. "ಅರ್ಜಿದಾರಳಾದ ಎಸ್ತೇರು ತನ್ನ ಸಾಲಗಳನ್ನು ತೀರಿಸಲು ಅಶಕ್ತಳೆಂದು ಈ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಸಲ್ಲಿಸಿರುತ್ತಾಳೆ. ತಾವು ಸಾಲ ಕೊಟ್ಟವರಲ್ಲಿ ಹನ್ನೊಂದನೆಯ ಸಾಲಿಗರು. ಬಾಬತ್ತು, ಅಕ್ಕಿ, ಎರಡು ಸೇರು. ಮೊತ್ತ, ತೊಂಬತ್ತಾರು ರೂಪಾಯಿ. ತಕರಾರಿದ್ದಲ್ಲಿ ಏಪ್ರಿಲ್ ನಾಲ್ಕರಂದು ಹಾಜರಾಗತಕ್ಕದ್ದು."



"ಎರಡು ಸೇರು ಅಕ್ಕಿಗೆ ನನ್ನ ಮೇಲೆ ಐಪಿ ಹಾಕಿದ್ಲಾ?" ಶೇಷಮ್ಮನ ಧ್ವನಿ ಕಾಲುವೆಯಾಚೆಗೂ ಕೇಳಿಸಿತು. "ಲೇ ಎಸ್ತೇರೂ! ಹೊರಗೆ ಬಾರೇ! ನಾಲ್ಕು ಕೋಟಿ ನುಂಗಿದ ದಲ್ಲಾಳಿ ಅಂದ್ಕೊಂಡಿದೀಯೇನೇ ನಿನ್ನ ನೀನು?"

ಗುಂಟೂರಿನಲ್ಲಿ ಐಪಿ ಎಂಬುದು ಮಕ್ಕಳಿಗೂ ಗೊತ್ತಿರುವ ಮಾತು. ಸಾಲ ತೀರಿಸಲಾರೆನೆಂದು ನ್ಯಾಯಾಲಯಕ್ಕೆ ಹಾಕುವ ಅರ್ಜಿ ಅದು. ಹಾಕುವವರು ಮೆಣಸಿನಕಾಯಿ ದಲ್ಲಾಳಿಗಳು, ಚೀಟಿ ನಡೆಸುವವರು, ಹತ್ತಿ ಮಿಲ್ಲಿನವರು. ಮೂರು ವರ್ಷದ ಕೆಳಗೆ ಒಬ್ಬ ದಲ್ಲಾಳಿ ನಾಲ್ಕು ಕೋಟಿಗೆ ಐಪಿ ಹಾಕಿದ. ಅದರಲ್ಲಿ ನಮ್ಮ ಓಣಿಯ ಕೂಲಿ ಒಂದು ಲಕ್ಷ ಎಂಬತ್ತು ಸಾವಿರ. ಎಂಟು ತಿಂಗಳ ನಂತರ ಅವನು ಹೆಂಡತಿಯ ಹೆಸರಿನ ಹೊಸ ಕಾರಿನಲ್ಲಿ ಮರಳಿದ. ಊರು ಅವನಿಗೆ ನಮಸ್ಕರಿಸಿತು. ಆದ್ದರಿಂದ ನಮ್ಮ ಹೆಂಗಸರ ಬಾಯಲ್ಲಿ ಐಪಿ ಎಂದರೆ ಬೈಗುಳ.

ಎಸ್ತೇರು ಹೊರಗೆ ಬಂದಳು. ಮೂವತ್ತೆಂಟರ ಹೆಂಗಸು, ತೆಳ್ಳಗೆ, ನೆಟ್ಟಗೆ. ಎರಡು ಕೈಯನ್ನೂ ಮುಂದೆ ಚಾಚಿಕೊಂಡಿದ್ದಳು, ಮೆಣಸಿನಕಾಯಿಯ ಉರಿಗೆ.

"ನಾನು ಬರೀಲಿಲ್ಲ ಅತ್ತಿಗೇ. ಮೇಷ್ಟ್ರು ಬರೆದ್ರು."

ಹತ್ತೊಂಬತ್ತು ಮುಖಗಳು ನನ್ನ ಕಡೆ ತಿರುಗಿದವು. ನಾನು ಬರೆದಿದ್ದೆ. ಅದು ಸತ್ಯ.

ನಡೆದದ್ದು ಹೀಗೆ. ನಾನು ಪುರಸಭೆಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಅಂಕಗಣಿತ ಕಲಿಸಿದವನು. ನಿವೃತ್ತನಾದ ಮೇಲೆ ಭಾನುವಾರಗಳಂದು ಪ್ರಾರ್ಥನೆ ಮುಗಿದ ನಂತರ ಚರ್ಚಿನ ಜಗಲಿಯಲ್ಲಿ ಕುಳಿತು ಸಾಲಗಾರರ ಕಾಗದ ನೋಡುತ್ತೇನೆ. ಹಣ ಪಡೆಯುವುದಿಲ್ಲ. ಕಣ್ಣೀರಿಗೂ ಸಮಯ ಕೊಡುವುದಿಲ್ಲ. ನಾನು ಕೇಳುವುದು ಮೂರೇ ಪ್ರಶ್ನೆ. ಕೈಗೆ ಬಂದದ್ದೆಷ್ಟು? ಕೊಟ್ಟದ್ದೆಷ್ಟು? ಇನ್ನೂ ಎಷ್ಟು ಎನ್ನುತ್ತಾರೆ? ಮೂರನೆಯದರ ಉತ್ತರ ಎಲ್ಲರಿಗೂ ಬಾಯಿಪಾಠ. ಮೊದಲನೆಯದು ಯಾರಿಗೂ ಗೊತ್ತಿರುವುದಿಲ್ಲ.

ಡಿಸೆಂಬರ್ ಕೊನೆಯ ಭಾನುವಾರ ಎಸ್ತೇರು ಒಂದು ಅಕ್ಕಿಚೀಲದ ತುಂಬ ಕಾಗದ ತಂದು ಸುರಿದಳು. ನಾಲ್ಕು ಗಂಟೆ ಹಿಡಿಯಿತು. ನಾಲ್ಕು ವರ್ಷದಲ್ಲಿ ಅವಳ ಕೈಗೆ ಬಂದದ್ದು ಐವತ್ತೆಂಟು ಸಾವಿರ. ಮೊದಲ ಸಾಲ ಗಂಡನ ಆಸ್ಪತ್ರೆಗೆ. ಅವನು ಉಳಿಯಲಿಲ್ಲ. ಎರಡನೆಯದು ಮೊದಲನೆಯದರ ಕಂತಿಗೆ, ಮೂರನೆಯದು ಎರಡನೆಯದರ ಕಂತಿಗೆ. ನಾಲ್ಕನೆಯದು ಒಂದು ಫ್ರಿಜ್ಜಿಗೆ. ಅವಳು ತೀರಿಸಿದ್ದು ಎಪ್ಪತ್ತೊಂದು ಸಾವಿರದ ಇನ್ನೂರ ನಲವತ್ತು. ಇನ್ನೂ ಇದೆ ಎನ್ನುತ್ತಿದ್ದದ್ದು ಒಂದು ಲಕ್ಷ ಹನ್ನೊಂದು ಸಾವಿರದ ಮುನ್ನೂರ ಐವತ್ತು.

ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆ. ತಪ್ಪು ನನ್ನದಾಗಿರಲಿಲ್ಲ.

"ವಾರದ ಕೂಲಿ ಎಷ್ಟು?" ಎಂದೆ.

"ಸಾವಿರದ ನಾನೂರ ಮೂವತ್ತು, ಹೆಚ್ಚುಕಮ್ಮಿ."

"ಕೈಗೆ ಎಷ್ಟು ಬರುತ್ತದೆ?"

"ಎಪ್ಪತ್ತು."

ಅವಳ ಕೆಲಸ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಹೆಂಗಸರು ಬೆಳಿಗ್ಗೆ ಎಂಟರಿಂದ ಗೋದಾಮಿನ ನೆಲದ ಮೇಲೆ ಕೂರುತ್ತಾರೆ. ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಬಟ್ಟೆ ಘಾಟನ್ನು ತಡೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳಿನ ಸಂದು ಸುಲಿಯುತ್ತದೆ. ಸಂಜೆ ಆ ಕೈಯಲ್ಲಿ ಕಣ್ಣು ಒರೆಸುವ ಹಾಗಿಲ್ಲ, ಕೂಸನ್ನು ಎತ್ತುವ ಹಾಗಿಲ್ಲ. ಕಿಲೋಗೆ ಇಂತಿಷ್ಟು ಎಂದು ಕೂಲಿ. ಶನಿವಾರ ಬಟವಾಡೆ. ಬಟವಾಡೆ ಮಾಡುವವನು ವೀರಾಂಜಿ ಮೇಸ್ತ್ರಿ. ಅವನೇ ಎರಡು ಸಾಲದ ಕಂಪನಿಗಳಿಗೆ ವಸೂಲಿಯವನೂ ಹೌದು. ನೂರಕ್ಕೆ ನಾಲ್ಕು ಅವನ ಪಾಲು. ಎಸ್ತೇರು ಪೂರ್ತಿ ಕೂಲಿ ಪಡೆದೆನೆಂದು ಪುಸ್ತಕಕ್ಕೆ ರುಜು ಹಾಕಬೇಕು. ಮೇಸ್ತ್ರಿ ಕಂತು ಹಿಡಿದುಕೊಂಡು ಎಪ್ಪತ್ತು ಕೊಡುತ್ತಾನೆ. ಅದನ್ನೂ ಕೈಗೆ ಕೊಡುವುದಿಲ್ಲ. ನಮ್ಮ ಓಣಿಯವರ ಕೈ ಅವನಿಗೆ ತಾಗಬಾರದು. ಚೀಲದ ಮೇಲೆ ಎಸೆಯುತ್ತಾನೆ.

ಕೂಲಿಯವರ ಕೂಲಿಯನ್ನು ಈ ದೇಶದ ಯಾವ ನ್ಯಾಯಾಲಯವೂ ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. ಹಾಗೆಂದು ಕಾನೂನು ಬರೆದಿದೆ. ನ್ಯಾಯಾಧೀಶರು ಮುಟ್ಟಲಾಗದ ಹಣವನ್ನು ಮೇಸ್ತ್ರಿ ವಾರವಾರ ಮುಟ್ಟುತ್ತಿದ್ದ.

"ಕೈಗೆ ಬಾರದ ಹಣಕ್ಕೆ ರುಜು ಹಾಕಬೇಡ" ಎಂದೆ.

"ಅಷ್ಟೇನಾ ಮೇಷ್ಟ್ರೇ?"

"ಅಷ್ಟೇ. ಉಳಿದದ್ದು ಆಮೇಲೆ."

೨೦೧೯ರ ಜನವರಿ ೫, ಶನಿವಾರ. ಗೋದಾಮಿನ ಗೇಟಿನ ಎದುರೇ ಮಸ್ತಾನನ ಅಂಗಡಿ. ನಾನು ಅಲ್ಲಿನ ಬೆಂಚಿನ ಮೇಲೆ ಕುಳಿತಿದ್ದೆ. ಮೇಸ್ತ್ರಿ ಗೇಟಿನೊಳಗೆ ಮೇಜು ಹಾಕಿಕೊಂಡಿದ್ದ. ಎಸ್ತೇರಿನ ಸರದಿ ಬಂತು.

"ರುಜು ಹಾಕು."

"ಹಾಕಲ್ಲ."

"ಏನಂದೆ?"

"ಎಪ್ಪತ್ತು ಬರಿ, ಹಾಕ್ತೀನಿ. ಸಾವಿರದ ನಾನೂರು ಬರೆದ್ರೆ ಸಾವಿರದ ನಾನೂರು ಕೊಡು, ಹಾಕ್ತೀನಿ. ಕೈಗೆ ಕೊಡು. ಚೀಲದ ಮೇಲಲ್ಲ."

ಮೇಸ್ತ್ರಿ ನಕ್ಕ. "ಯಾವನೇ ಕಲಿಸಿದ್ದು ನಿಂಗೆ ಈ ಮಾತು? ಆ ಮುದಿ ಮೇಷ್ಟ್ರಾ? ರುಜು ಇಲ್ದಿದ್ರೆ ಎಪ್ಪತ್ತೂ ಇಲ್ಲ. ಹೋಗು, ಗಾಳಿ ಕುಡಿ."

"ಕುಡೀತೀನಿ. ನಿನ್ನ ಗೋದಾಮಿನ ಗಾಳಿ ಖಾರವಾಗೇ ಇರುತ್ತೆ, ಸಾರು ಬೇಕಾಗಲ್ಲ."

ಸಾಲಿನಲ್ಲಿದ್ದ ಹೆಂಗಸರು ಬಾಯಿಬಟ್ಟೆಯೊಳಗೇ ನಕ್ಕರು. ಮೇಸ್ತ್ರಿ ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಸುಗ್ಗಿಯ ಕಾಲ, ಕೈ ಸಾಲದು. ಕೆಲಸ ಮಾಡಿಸಿಕೊಂಡ. ಕೂಲಿಯನ್ನು ತಡೆಹಿಡಿದ. ರುಜುವಿಲ್ಲದ ಹಣವನ್ನು ಕಂಪನಿಗೆ ಕಟ್ಟುವಂತಿರಲಿಲ್ಲ. ತನ್ನ ಬಳಿಯೇ ಇಟ್ಟುಕೊಂಡ.

ಮರುವಾರ ನಾವು ಸರಕಾರಿ ಉಚಿತ ಕಾನೂನು ನೆರವಿನ ಕಚೇರಿಗೆ ಹೋದೆವು. ಅದಕ್ಕೂ ಮೊದಲು ಕೋರ್ಟಿನ ಆವರಣದಲ್ಲಿ ಒಬ್ಬ ವಕೀಲನನ್ನು ವಿಚಾರಿಸಿದ್ದೆ. "ಐಪಿ ಹಾಕೋಕೆ ಯೋಗ್ಯತೆ ಬೇಕು ಮೇಷ್ಟ್ರೇ, ಬಚ್ಚಿಡೋಕೆ ಏನಾದ್ರೂ ಇರಬೇಕು" ಎಂದು ಅವನು ಹಲ್ಲುಕಡ್ಡಿ ಆಡಿಸಿದ್ದ. ನೆರವಿನ ಕಚೇರಿಯ ಹೈಮಾವತಿ ಎಂಬ ಕಿರಿಯ ವಕೀಲೆ ಹಾಗೆನ್ನಲಿಲ್ಲ. ಅವಳು ಪುಸ್ತಕ ತೆರೆದು ತೋರಿಸಿದಳು. ಕಾನೂನು ೧೯೨೦ರದು. ಐನೂರು ರೂಪಾಯಿ ಸಾಲವಿದ್ದರೆ ಸಾಕು, ಅರ್ಜಿ ಹಾಕಬಹುದು. ಹಾಸಿಗೆ, ಅಡುಗೆ ಪಾತ್ರೆ, ಉಡುವ ಬಟ್ಟೆಯನ್ನು ಯಾರೂ ಒಯ್ಯುವಂತಿಲ್ಲ. ನಾಲ್ಕು ಕೋಟಿಯವನಿಗೂ ಐನೂರರವಳಿಗೂ ಬಾಗಿಲು ಒಂದೇ. ತೊಂಬತ್ತೊಂಬತ್ತು ವರ್ಷ ಇದನ್ನು ನಮ್ಮ ಓಣಿಗೆ ಯಾರೂ ಬಂದು ಹೇಳಿರಲಿಲ್ಲ.

"ಸಾಲಿಗರ ಪಟ್ಟಿ ಕೊಡಿ ಸಾರ್" ಎಂದಳು ಹೈಮಾವತಿ. "ಒಬ್ಬರನ್ನೂ ಬಿಡಬೇಡಿ. ಬಿಟ್ಟರೆ ಕಂಪನಿಯವರು ಮುಚ್ಚಿಟ್ಟಳು ಅಂತಾರೆ, ಅರ್ಜಿ ಬಿದ್ದುಹೋಗುತ್ತೆ."

ಅಂಕಗಣಿತದವನಿಗೆ ಇಂಥ ಮಾತು ಹೇಳಬಾರದು. ನಾನು ಎಸ್ತೇರನ್ನು ಕೂರಿಸಿಕೊಂಡು ಒಂದೊಂದನ್ನೂ ಕೇಳಿದೆ. ಅಕ್ಕಿ ಯಾರಿಂದ? ಎಷ್ಟು? ಎಣ್ಣೆ? ಸೀಮೆಎಣ್ಣೆ? ಮಕ್ಕಳಿಲ್ಲದ ಒಂಟಿ ಹೆಂಗಸು ವಾರಕ್ಕೆ ಎಪ್ಪತ್ತರಲ್ಲಿ ಬದುಕಿದ್ದು ಹೇಗೆಂಬುದು ಆಗ ತಿಳಿಯಿತು. ಹದಿನೆಂಟು ಮನೆಯ ಅಕ್ಕಿಡಬ್ಬಿಗಳಿಂದ. ಎಲ್ಲವನ್ನೂ ಪೇಟೆಯ ದರಕ್ಕೆ ಕಟ್ಟಿ ಬರೆದೆ. ಹತ್ತೊಂಬತ್ತನೆಯದು ಮಸ್ತಾನನ ಚಹಾ, ನಲವತ್ತು ರೂಪಾಯಿ. ಸಣ್ಣ ಸಾಲಗಳ ಮೊತ್ತ ಎರಡು ಸಾವಿರದ ನೂರ ಎಂಬತ್ತಾರು. ದೊಡ್ಡವು ನಾಲ್ಕು. ಒಟ್ಟು ಸಾಲಿಗರು ಇಪ್ಪತ್ತಮೂರು. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಕೋರ್ಟು ರಿಜಿಸ್ಟರ್ ಲಕೋಟೆ ಕಳಿಸುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಮಾರ್ಚ್ ೭ರ ಸಂಜೆ ಜಗಲಿಯ ಮುಂದೆ ನಿಂತವರಿಗೆ ಇದಿಷ್ಟನ್ನೂ ಹೇಳಿದೆ. "ತಪ್ಪು ನನ್ನದು" ಎಂದೂ ಹೇಳಿದೆ. ಆ ಮಾತನ್ನು ನಾನು ಹೆಚ್ಚು ಬಳಸಿದವನಲ್ಲ.

ಶೇಷಮ್ಮ ಲಕೋಟೆಯನ್ನು ನನ್ನ ಮುಖದ ಮುಂದೆ ಆಡಿಸಿದಳು.

"ಪಟ್ಟಿಯಲ್ಲಿ ಇನ್ಯಾರಿದಾರೆ ಓದಿ."

ಓದಿದೆ. ವಾರದ ಕಂಪನಿ. ಇನ್ನೊಂದು ಕಂಪನಿ. ದಿನಬಡ್ಡಿಯವನು. ಫ್ರಿಜ್ಜಿನ ಅಂಗಡಿ. ಅವರ ನಂತರ ಓಣಿಯವರು.

"ಅಂದ್ರೆ ನಾನೂ ಆ ದಿನಬಡ್ಡಿಯವನೂ ಒಂದೇ ಪಂಕ್ತಿಲಿ ಕೂತಿದೀವಿ. ಹೌದಾ?"

"ಕಾನೂನಿನ ಪ್ರಕಾರ ಹೌದು."

"ನಿಮ್ಮ ಕಾನೂನಿಗೆ ಬೆಂಕಿ ಹಾಕ. ಎರಡು ಸೇರು ಅಕ್ಕಿ ಕೊಟ್ಟಿದ್ದಕ್ಕೆ ಅವಳನ್ನ ನನ್ನ ಸಾಲಗಾರ್ತಿ ಮಾಡಿದ್ರಲ್ಲ! ನಾನೇನು ಬಡ್ಡಿ ತಿನ್ನೋಳಾ? ಇಷ್ಟು ಲೆಕ್ಕ ಓದಿದೀರಿ, ಇಷ್ಟೂ ತಿಳಿಯಲ್ವಾ ಮೇಷ್ಟ್ರೇ?"

"ನನ್ನ ಹೆಸರು ಹೊಡೆಸಿ" ಎಂದಳು ಇನ್ನೊಬ್ಬಳು. "ನಂದೂ." "ನಂದೂನೂ."

"ನಾನು ಹೊಡೆಯುವಂತಿಲ್ಲ. ಕೋರ್ಟಿಗೇ ಬಂದು ಹೇಳಬೇಕು. ಒಂದು ದಿನದ ಕೂಲಿ ಹೋಗುತ್ತದೆ."

"ಹೋಗ್ಲಿ" ಎಂದಳು ಶೇಷಮ್ಮ. "ಮಾನ ಹೋದಮೇಲೆ ಕೂಲಿ ಯಾವ ಲೆಕ್ಕ."

ಆ ಸಂಜೆ ಯಾರೂ ಎಸ್ತೇರಿಗೆ ಅಕ್ಕಿ ಕೊಡಲಿಲ್ಲ. ಮರುದಿನ ಶೇಷಮ್ಮ ಬೇಯಿಸಿದ ಅನ್ನವನ್ನೇ ತಂದಿಟ್ಟಳು. "ಅಕ್ಕಿಯಾದ್ರೆ ಮೇಷ್ಟ್ರು ಬರ್ಕೋತಾರೆ. ಅನ್ನ ಹೇಗೆ ಬರೀತಾರೋ ನೋಡ್ತೀನಿ" ಎಂದು ನನ್ನ ಕಿಟಕಿಯ ಕಡೆ ತಿರುಗಿ ಹೇಳಿದಳು. ನಾನು ಬರೆಯಲಿಲ್ಲ.

ಏಪ್ರಿಲ್ ೪ರಂದು ಮೂರು ಆಟೋಗಳಲ್ಲಿ ಇಪ್ಪತ್ತೊಂದು ಜನ ಹೋದೆವು. ಆಟೋ ಒಂದಕ್ಕೆ ಏಳು. ಕೋರ್ಟಿನ ಜವಾನ ನಮ್ಮನ್ನು ಕಂಡು, ಎಲ್ಲರೂ ಹೊರಗೆ ನೀರಿನ ನಲ್ಲಿಯ ಹತ್ತಿರ ಕೂರಿ ಎಂದ. ಶೇಷಮ್ಮ ಲಕೋಟೆ ಎತ್ತಿ ತೋರಿಸಿದಳು. "ಕರೆದಿರೋದು ನೀವು. ಬೆಂಚು ತೋರ್ಸು." ಹತ್ತೊಂಬತ್ತು ಲಕೋಟೆಗಳು ಮೇಲೆದ್ದವು. ಜವಾನ ಬೆಂಚು ತೋರಿಸಿದ.

ನ್ಯಾಯಾಧೀಶೆ ನಡುವಯಸ್ಸಿನವರು. ಕಡತ ತೆರೆದು ಹುಬ್ಬು ಏರಿಸಿದರು. ಕಂಪನಿಗಳ ವಕೀಲ ಎದ್ದ.

"ಅರ್ಜಿ ಮೋಸದ್ದು. ಆಸ್ತಿ ಇಲ್ಲ ಎನ್ನುತ್ತಾಳೆ, ಮನೆಯಲ್ಲಿ ಫ್ರಿಜ್ಜು ಇಟ್ಟುಕೊಂಡಿದ್ದಾಳೆ. ಮೆಣಸಿನಕಾಯಿ ಬಿಡಿಸುವವಳಿಗೆ ಫ್ರಿಜ್ಜು ಏಕೆ? ಶೋಕಿಗೆ ಸಾಲ ಮಾಡಿದವರಿಗೆ ನ್ಯಾಯಾಲಯ ರಕ್ಷಣೆ ಕೊಡಬಾರದು."

ಹೈಮಾವತಿ ಏಳುವ ಮೊದಲೇ ಶೇಷಮ್ಮ ಎದ್ದಿದ್ದಳು.

"ನಾನ್ ಹೇಳ್ತೀನಮ್ಮಾ ಯಾಕೆ ಅಂತ." ಎರಡು ಅಂಗೈಯನ್ನೂ ತೆರೆದು ಮುಂದೆ ಹಿಡಿದಳು. ಬೆರಳ ಸಂದುಗಳು ಕೆಂಪಗೆ ಬಿರಿದಿದ್ದವು. "ಸಂಜೆ ಆರಕ್ಕೆ ಈ ಕೈ ಒಯ್ದು ಅವಳ ಮನೇಲಿ ತಣ್ಣೀರಲ್ಲಿ ಇಡ್ತೀವಿ. ಹದಿನೆಂಟು ಮನೆಯೋರೂ ಸರದಿ ಮೇಲೆ. ಆಮೇಲೆ ಹೋಗಿ ಮಕ್ಕಳನ್ನ ಎತ್ಕೋತೀವಿ. ಅದೇ ಅವಳ ಶೋಕಿ. ವಕೀಲರು ಒಂದಿನ ಬಂದು ತೊಟ್ಟು ಬಿಡಿಸ್ಲಿ, ಅವರಿಗೂ ಒಂದು ಬಕೆಟ್ ಇಡಿಸ್ತೀವಿ."

ನ್ಯಾಯಾಧೀಶೆ ನಗಲಿಲ್ಲ. "ನೀವು ಯಾರು?"

"ಹನ್ನೊಂದನೇ ನಂಬರು."

"ನಿಮಗೆ ಬರಬೇಕಾದದ್ದು ತೊಂಬತ್ತಾರು ರೂಪಾಯಿ."

"ಒಂದು ಕಾಸೂ ಬರಬೇಕಾಗಿಲ್ಲ ತಾಯೀ. ಅದು ಕೈಗಡ. ಇವತ್ತು ಅವಳ ಒಲೆ ಆರಿತ್ತು, ನಾನು ಕೊಟ್ಟೆ. ನಾಳೆ ನನ್ನದು ಆರುತ್ತೆ, ಅವಳು ಕೊಡ್ತಾಳೆ. ಅದಕ್ಕೆ ಕಾಗದ ಇಲ್ಲ, ಬಡ್ಡಿ ಇಲ್ಲ, ಮೇಸ್ತ್ರಿ ಇಲ್ಲ. ಮೇಷ್ಟ್ರು ವಯಸ್ಸಾದೋರು, ತಪ್ಪು ಬರೆದ್ರು. ಆ ಬಡ್ಡಿ ತಿನ್ನೋರ ಪಟ್ಟಿಯಿಂದ ನನ್ನ ಹೆಸರು ಹೊಡೆದು ಹಾಕಿ. ಅಷ್ಟಕ್ಕೇ ಬಂದಿದ್ದು."

ಒಬ್ಬೊಬ್ಬರಾಗಿ ಹದಿನೇಳು ಹೆಂಗಸರು ಎದ್ದು ಅದನ್ನೇ ಹೇಳಿದರು. ನ್ಯಾಯಾಧೀಶೆ ಒಂದೊಂದು ಹೆಸರನ್ನೂ ಹೊಡೆದರು. ಕೊನೆಗೆ ಮಸ್ತಾನ್ ಎದ್ದ.

"ನಿಮ್ಮದೂ ಕೈಗಡವೇ?"

"ಅಲ್ಲ ಮೇಡಂ. ನಂದು ಸಾಲವೇ. ನಲವತ್ತು ರೂಪಾಯಿ. ಹಾಲಿನವನು ನಂಗೆ ಕೈಗಡ ಕೊಡಲ್ಲ."

ಹೆಂಗಸರು "ಥೂ ನಿನ್ನ" ಎಂದರು. ನ್ಯಾಯಾಧೀಶೆ ಈ ಸಲ ನಕ್ಕರು. ಮಸ್ತಾನನ ಹೆಸರು ಉಳಿಯಿತು. ಸಾಲಿಗರು ಐವರು, ಮೊತ್ತ ೧,೧೧,೩೯೦.

ನ್ಯಾಯಾಧೀಶೆ ನನ್ನನ್ನು ಕರೆದು ಕೂಲಿಯ ಲೆಕ್ಕ ಕೇಳಿದರು. ಹೇಳಿದೆ. ನಾಲ್ಕು ವರ್ಷ ಎಸ್ತೇರು ದುಡಿದದ್ದನ್ನು ಮೇಸ್ತ್ರಿ ಕಂತಿಗೆ ಹಿಡಿದ, ಮೊದಮೊದಲು ಸ್ವಲ್ಪ, ಕೊನೆಗೆ ಎಪ್ಪತ್ತು ಬಿಟ್ಟು ಎಲ್ಲ. ಎಸ್ತೇರು ಉಂಡದ್ದು ಓಣಿಯ ಅಕ್ಕಿ. ಎಂದರೆ ಕಂಪನಿಯ ಕಂತನ್ನು ಕಟ್ಟಿದ್ದು ಹದಿನೆಂಟು ಅಡುಗೆಮನೆಗಳು. ಆ ಮನೆಗಳು ಯಾವ ಕಾಗದಕ್ಕೂ ರುಜು ಹಾಕಿರಲಿಲ್ಲ. ಇಷ್ಟು ಹೇಳಿ ಕುಳಿತೆ. ಧ್ವನಿ ಸ್ವಲ್ಪ ಏರಿತ್ತೆಂದು ಹೈಮಾವತಿ ಆಮೇಲೆ ಹೇಳಿದಳು.

ಆದೇಶ ಬಂದದ್ದು ಏಪ್ರಿಲ್ ೨೫ಕ್ಕೆ. ಎಸ್ತೇರು ದಿವಾಳಿಯೆಂದು ಘೋಷಿತಳಾದಳು. ನ್ಯಾಯಾಲಯದ ಅನುಮತಿಯಿಲ್ಲದೆ ಯಾವ ಸಾಲಿಗನೂ ಅವಳಿಂದಾಗಲಿ ಅವಳ ಕೂಲಿಯಿಂದಾಗಲಿ ವಸೂಲಿ ಮಾಡತಕ್ಕದ್ದಲ್ಲ. ಫ್ರಿಜ್ಜನ್ನು ಮಾತ್ರ ಅಂಗಡಿಯವನು ಒಯ್ಯಬಹುದು. ಮರುದಿನವೇ ಒಯ್ದ. ಆ ಬಾಬತ್ತು ಅಲ್ಲಿಗೆ ತೀರಿತು. ಹೆಂಗಸರು ಫ್ರಿಜ್ಜಿದ್ದ ಜಾಗದಲ್ಲಿ ಒಂದು ದೊಡ್ಡ ಮಣ್ಣಿನ ಗುಡಾಣ ತಂದಿಟ್ಟರು. ಅಷ್ಟು ತಣ್ಣಗಾಗುವುದಿಲ್ಲ.

ಏಪ್ರಿಲ್ ೨೭, ಶನಿವಾರ. ನಾನು ಮತ್ತೆ ಮಸ್ತಾನನ ಬೆಂಚಿನ ಮೇಲಿದ್ದೆ. ಎಸ್ತೇರು ಆದೇಶದ ಪ್ರತಿಯನ್ನು ಮೇಜಿನ ಮೇಲಿಟ್ಟಳು.

"ಹದಿನೇಳು ವಾರ ಮೇಸ್ತ್ರಿ. ನಿನ್ನ ಪುಸ್ತಕದಲ್ಲೇ ಇದೆ. ಇಪ್ಪತ್ತನಾಲ್ಕು ಸಾವಿರದ ಮುನ್ನೂರ ಹತ್ತು."

"ಪಾಪರಾದೋಳಿಗೆ ಎಂಥದೇ ಕೂಲಿ?"

"ಪಾಪರಾಗಿರೋದು ನಾನು. ನನ್ನ ಕೈ ಅಲ್ಲ. ಕೊಡು."

ಮೇಸ್ತ್ರಿ ಪುಸ್ತಕವನ್ನು ಮುಂದಿನವಳ ಕಡೆ ತಳ್ಳಿದ. ಮುಂದಿನವಳು ಶೇಷಮ್ಮ. ಅವಳು ಕೈಕಟ್ಟಿ ನಿಂತಳು. ಅವಳ ಹಿಂದೆ ಮೂವತ್ತು ಹೆಂಗಸರು. ಯಾರೂ ರುಜು ಹಾಕಲಿಲ್ಲ. ಸಂಜೆ ಏಳರೊಳಗೆ ರುಜು ತುಂಬಿದ ಪುಸ್ತಕ ಮಾಲೀಕನಿಗೆ ಮುಟ್ಟದಿದ್ದರೆ ಸೋಮವಾರ ಮೇಸ್ತ್ರಿಗೆ ಮುಂಗಡವಿಲ್ಲ. ಆರೂವರೆಯಾಯಿತು. ಆರೂಮುಕ್ಕಾಲಾಯಿತು.

"ನನ್ನತ್ರ ಹದಿನಾಲ್ಕು ಸಾವಿರ ಇದೆ" ಎಂದ ಮೇಸ್ತ್ರಿ. "ಉಳಿದಿದ್ದು ಖರ್ಚಾಗಿದೆ."

"ಯಾರ ಖರ್ಚು?"

ಮೇಸ್ತ್ರಿ ಪುಸ್ತಕದ ಹಾಳೆ ತಿರುವಿದ.

"ಹದಿನಾಲ್ಕು ಅಂತಲೇ ಬರಿ. ಬಾಕಿ ಹತ್ತು ಸಾವಿರದ ಮುನ್ನೂರ ಹತ್ತು, ಕೆಳಗೆ ನಿನ್ನ ರುಜು. ತಿಂಗಳೊಳಗೆ ಕೊಡು. ಆಗಲ್ಲ ಅಂದ್ರೆ ಐಪಿ ಹಾಕು ಮೇಸ್ತ್ರಿ. ಮೇಷ್ಟ್ರು ಪಟ್ಟಿ ಬರ್ಕೊಡ್ತಾರೆ, ಬಿಟ್ಟಿ."

ಮೂವತ್ತೊಂದು ಹೆಂಗಸರು ನಕ್ಕರು. ಈ ಸಲ ಬಾಯಿಗೆ ಬಟ್ಟೆಯಿರಲಿಲ್ಲ. ಮೇಸ್ತ್ರಿ ನೋಟು ಎಣಿಸಿ ಚೀಲದ ಮೇಲೆ ಇಡಲು ಹೋದ. ಎಸ್ತೇರು ಕೈ ಚಾಚಿದಳು. ಬಿರಿದ, ಕೆಂಪಗಿನ ಅಂಗೈ. ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ. ಮೇಸ್ತ್ರಿ ಆ ಕೈಯನ್ನು ನೋಡಿದ, ಗಡಿಯಾರವನ್ನು ನೋಡಿದ, ನೋಟುಗಳನ್ನು ಅದರೊಳಗೆ ಇಟ್ಟ. ಅವನ ಬೆರಳು ತಾಗಿತು. ಆಮೇಲೆ ಅವನು ಕಣ್ಣುಜ್ಜಿಕೊಂಡನಂತೆ. ಗೋದಾಮಿನ ನಲ್ಲಿಯ ಕೆಳಗೆ ಅರ್ಧ ಗಂಟೆ ತಲೆ ಕೊಟ್ಟಿದ್ದನೆಂದು ಶೇಷಮ್ಮ ಹೇಳುತ್ತಾಳೆ. ಅದನ್ನು ನಾನು ಕಣ್ಣಾರೆ ಕಾಣಲಿಲ್ಲ.

ಎಸ್ತೇರು ರಸ್ತೆ ದಾಟಿ ಬಂದಳು. ಮಸ್ತಾನನ ಮುಂದೆ ನಲವತ್ತು ರೂಪಾಯಿ ಇಟ್ಟಳು.

"ಕೊಡಬೇಡ" ಎಂದೆ. "ದಿವಾಳಿಯಾದವಳು ಒಬ್ಬ ಸಾಲಿಗನಿಗೆ ಮಾತ್ರ ತೀರಿಸುವುದು ಕ್ರಮವಲ್ಲ. ಕೊಡುವುದಾದರೆ ಎಲ್ಲರಿಗೂ ಪ್ರಮಾಣದಂತೆ ಕೊಡಬೇಕು."

"ಕಂಪನಿಯೋರು ನಾಳೆ ನಂಗೆ ಚಾ ಕಾಯಿಸಿ ಕೊಡ್ತಾರಾ ಮೇಷ್ಟ್ರೇ?"

ಮಸ್ತಾನ್ ನೋಟುಗಳನ್ನು ಜೇಬಿಗೆ ಸೇರಿಸಿ ಅವಳಿಗೊಂದು ಲೋಟ ಚಹಾ ಕೊಟ್ಟ. ಅವಳು ನಿಂತೇ ಕುಡಿದಳು. ಸೆರಗಿನ ಗಂಟಿನಲ್ಲಿ ಹದಿಮೂರು ಸಾವಿರದ ಒಂಬೈನೂರ ಅರವತ್ತು ರೂಪಾಯಿ ಇತ್ತು. ಲೋಟ ಕೆಳಗಿಟ್ಟು, "ಬರ್ಕೋ" ಎಂದು ನಡೆದಳು.

"ಮಸ್ತಾನ್" ಎಂದೆ, "ದಿವಾಳಿಯಾದವರು ಹೇಳದೆ ಐವತ್ತು ರೂಪಾಯಿ ಸಾಲ ಪಡೆದರೆ ಆರು ತಿಂಗಳು ಜೈಲು. ಚಹಾ ಒಂದಕ್ಕೆ ಹತ್ತು. ನಾಲ್ಕರ ತನಕ ಅಡ್ಡಿಯಿಲ್ಲ. ಐದನೆಯದಕ್ಕೆ ಅವಳು ದಿವಾಳಿಯೆಂದು ನಿನಗೆ ತಿಳಿಸಬೇಕು."

"ನಾನೇ ಕೋರ್ಟಿಗೆ ಹೋಗಿ ಕೂತು ನೋಡ್ಕೊಂಡು ಬಂದಿದೀನಲ್ಲ ಮೇಷ್ಟ್ರೇ" ಎಂದು ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೋಡೆಯ ಮೇಲೆ ಬರೆದ.

ಎಸ್ತೇರು. ಚಹಾ ೧. ೧೦ ರೂ. ಬಾಕಿ.